ತಣ್ಣನೆಯ ಕ್ಲಾರಿಯೊನೆಟ್

ವ್ಯಾಪಾರ ಕಾನೂನು ಕಲಿಸುವ ಮಾಸ್ತರನಿಗೆ ಬೇರೆ ಯಾವ ಊರಿನಲ್ಲಾದರೂ ಒಂದಿಷ್ಟು ಮರ್ಯಾದೆ ಇದ್ದೀತು. ನಮ್ಮೂರಿನಲ್ಲಿ ಅದೂ ಇಲ್ಲ. ನಾನು ಹಲಗೆಯ ಮೇಲೆ ಪ್ರಶ್ನೆ ಬರೆಯುತ್ತೇನೆ: ‘ಅ’ ಎಂಬುವನು ತನ್ನ ಸೈಕಲ್ಲನ್ನು ‘ಬ’ ಎಂಬುವನಿಗೆ ಮಾರಿದ್ದಾನೆ, ಹಣ ಇನ್ನೂ ಸಂದಿಲ್ಲ, ಸೈಕಲ್ಲು ‘ಅ’ನ ಅಂಗಳದಲ್ಲೇ ನಿಂತಿದೆ, ಈಗ ಅದರ ಒಡೆಯ ಯಾರು? ಬರೆದು ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನ ಈರಣ್ಣ ಗಡಾದ ಕೂಗುತ್ತಾನೆ, “ಸರ, ಇಬ್ಬರಿಗೂ ಒಂದೊಂದು ಸಲ ಹ್ಯಾಂಡಲ್ ಹಿಡೀರಿ ಅಂದ್ರ ಆತಲ್ರಿ!” ಕ್ಲಾಸಿಗೆ ಕ್ಲಾಸೇ ಹೋ ಎಂದು ನಗುತ್ತದೆ. ನಾನು ಡಸ್ಟರಿನಿಂದ ಮೇಜು ಕುಟ್ಟುತ್ತೇನೆ. ಹತ್ತೊಂಬತ್ತು ವರ್ಷದಿಂದ ಇದೇ ಹಾಡು, ಈರಣ್ಣಂದಿರು ಮಾತ್ರ ಬದಲಾಗುತ್ತಾರೆ.

ಅವನು ಹೇಳುವುದು ಸುಳ್ಳೇನಲ್ಲ. ನಮ್ಮೂರಿನಲ್ಲಿ ವಸ್ತು ತನ್ನ ಒಡೆಯನ ಕೈಗೆ ಬೆಚ್ಚಗಿರುತ್ತದೆ, ಉಳಿದವರ ಕೈಗೆಲ್ಲ ತಣ್ಣಗೆ. ಬಾಡಿಗೆ ಮನೆಯವರು ಬಾಗಿಲ ಚಿಲಕಕ್ಕೆ ಬಟ್ಟೆ ಸುತ್ತಿಕೊಂಡಿರುತ್ತಾರೆ. ಕಂತಿನ ಮೇಲೆ ತಂದ ಸ್ಕೂಟರಿನ ಹ್ಯಾಂಡಲ್ಲು ಕೊನೆಯ ಕಂತು ಕಟ್ಟಿದ ದಿನ ಬೆಚ್ಚಗಾಗುತ್ತದೆ, ಅವತ್ತು ಓಣಿಗೆಲ್ಲ ಪೇಡೆ. ಪಾಲುದಾರರ ಅಂಗಡಿಯ ತಕ್ಕಡಿ ಇಬ್ಬರಿಗೂ ಉಗುರುಬೆಚ್ಚಗೆ. ಮದುವೆ ಮನೆಯಲ್ಲಿ ಚಪ್ಪಲಿ ಅದಲುಬದಲಾಗುವುದಿಲ್ಲ. ನಾನು ಈ ಊರಿಗೆ ಬಂದ ಹೊಸತರಲ್ಲಿ ಕಾಲೇಜಿನ ಕುರ್ಚಿಯ ಮೇಲೆ ಕೂತು ಬೆನ್ನು ನಡುಗಿಸಿಕೊಂಡಿದ್ದೆ. ಈಗ ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡೇ ಕೂರುತ್ತೇನೆ, ಯಾರೂ ನಗುವುದಿಲ್ಲ.

ನನ್ನ ಸಿಟ್ಟು ಇರುವುದು ಬೇರೆ ಕಡೆ. ಕೈಗೆ ಎಲ್ಲ ಗೊತ್ತಾಗುತ್ತದೆ ಎಂದು ನಂಬಿ ಈ ಜನ ಕಾಗದ ಓದುವುದನ್ನೇ ಕಲಿಯಲಿಲ್ಲ. ಕರಾರು ಬರೆಯುವುದಿಲ್ಲ, ರಸೀದಿ ಇಟ್ಟುಕೊಳ್ಳುವುದಿಲ್ಲ, ಎಲ್ಲಿ ಸಹಿ ಹಾಕು ಅಂದರೆ ಅಲ್ಲಿ ಹಾಕುತ್ತಾರೆ. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆಗೆ ‘ಮುಟ್ಟಿ ನೋಡಬೇಕು’ ಎಂದು ಎರಡೇ ಶಬ್ದ ಬರೆದು ಪೇಪರು ಕೊಟ್ಟು ಹೋದವರಿದ್ದಾರೆ. ನಾನು ಸೊನ್ನೆ ಹಾಕಿದ್ದೇನೆ, ಅವರ ಅಪ್ಪಂದಿರು ಬಂದು ಜಗಳ ತೆಗೆದಿದ್ದಾರೆ.

ಕಸ್ತೂರಿಬಾಯಿ ಹವಳೆ ಅಂಥವಳಲ್ಲ. ನಮ್ಮದು ಬೆಳಗಿನ ಕಾಲೇಜು, ಏಳರಿಂದ ಹತ್ತು, ಕೆಲಸಕ್ಕೆ ಹೋಗುವವರಿಗೆಂದೇ ಇರುವುದು. ಆಕೆಗೆ ನಲವತ್ತೊಂದು ವರ್ಷ. ಮೊದಲನೇ ಬೆಂಚು, ಇಸ್ತ್ರಿ ಮಾಡಿದ ಸೀರೆ, ನೀಲಿ ಶಾಯಿ, ಕೆಂಪು ಗೆರೆ. ಹೆಸರು ಹಚ್ಚಲು ಬಂದ ದಿನ, ಈ ವಯಸ್ಸಿನಲ್ಲಿ ಯಾಕಮ್ಮ ಎಂದು ಕೇಳಿದ್ದೆ. “ನಮ್ಮ ಯಜಮಾನರು ಒಂದು ಸಾಲದ ಕಾಗದಕ್ಕ ಸಹಿ ಮಾಡ್ಯಾರ್ರಿ. ಅದರಾಗ ಏನ್ ಬರದಾರ ಅನ್ನೂದು ನನಗ ಓದಿ ತಿಳೀಬೇಕಾಗೇತಿ,” ಎಂದಿದ್ದಳು. ಅಷ್ಟೇ.

ಆಕೆಯ ಗಂಡ ತುಳಜಾರಾಮ ಹವಳೆ ಅಂದರೆ ಊರಿಗೇ ಬ್ಯಾಂಡ್ ಮಾಸ್ತರ. ಹನ್ನೊಂದು ಜನರ ಬ್ಯಾಂಡು, ಮುಂದೆ ಇವನ ಕ್ಲಾರಿಯೊನೆಟ್. ಈ ಊರಿನ ಯಾವ ಗಂಡ-ಹೆಂಡತಿಯನ್ನು ಕೇಳಿದರೂ, ‘ನಮ್ಮ ಮೆರವಣಿಗ್ಯಾಗ ತುಳಜಾರಾಮ ಊದಿದ್ದ’ ಎಂದು ಹೇಳದೆ ಬಿಡುವುದಿಲ್ಲ. ಆದರೆ ಕಾಲ ಬದಲಾಯಿತು, ಹುಡುಗರಿಗೆ ಡಿಜೆ ಬೇಕಾಯಿತು. ತುಳಜಾರಾಮನೂ ಸಾಲ ಮಾಡಿ ಡಿಜೆ ಗಾಡಿ ತಂದ. ಆ ಗಾಡಿಯ ಸ್ಟೇರಿಂಗು ಒಂದು ದಿನವೂ ಅವನ ಕೈಗೆ ಬೆಚ್ಚಗಾಗಲಿಲ್ಲ. ಎರಡು ವರ್ಷಕ್ಕೆ ಗಾಡಿಯನ್ನು ಕೊಟ್ಟವರೇ ಎಳೆದುಕೊಂಡು ಹೋದರು, ಸಾಲ ಮಾತ್ರ ಇಲ್ಲೇ ಉಳಿಯಿತು. ಕೊನೆಗೆ ಕೋರ್ಟು ಅವನನ್ನು ದಿವಾಳಿ ಎಂದು ಘೋಷಿಸಿತು. ಅಂದರೆ, ಅವನ ಆಸ್ತಿಯೆಲ್ಲ ಕೋರ್ಟು ನೇಮಿಸಿದ ರಿಸೀವರ್ ಕೈಗೆ. ಅವರು ಅದನ್ನು ಮಾರಿ ಸಾಲ ಕೊಟ್ಟವರಿಗೆ ಹಂಚುತ್ತಾರೆ.

ಆ ಸುದ್ದಿ ಬಂದ ಮರುದಿನವೂ ಕಸ್ತೂರಿಬಾಯಿ ಏಳಕ್ಕೆ ಸರಿಯಾಗಿ ಬಂದು ಕೂತಿದ್ದಳು. ಅವತ್ತು ನಾನು ಬೇಕಂತಲೇ ಬೇರೆ ಪಾಠ ತೆಗೆದಿದ್ದೆ. ಆಕೆಯೇ ಎದ್ದು ನಿಂತಳು. “ಸರ, ದಿವಾಳಿ ಆದವರ ಸಾಮಾನು ಎಲ್ಲಾನೂ ತಣ್ಣಗಾಗತಾವೇನ್ರಿ?”

ನಾನು ಪುಸ್ತಕ ತೆಗೆಯಲಿಲ್ಲ, ಈ ಭಾಗ ನನಗೆ ಬಾಯಿಪಾಠ. “ಎಲ್ಲಾ ಅಲ್ರಿ,” ಎಂದೆ. “ಉಡೋ ಬಟ್ಟಿ, ಅಡಗಿ ಮಾಡೋ ಭಾಂಡೆ, ಹಾಸಗಿ ಇವು ಅವನ ಹತ್ರನ ಉಳೀತಾವ. ಮತ್ತ ತನ್ನ ಕೈಯಿಂದ ಕಸುಬು ಮಾಡೋ ಮನುಷ್ಯಾನ ಕಸುಬಿನ ಸಾಮಾನು. ಬಡಿಗ್ಯಾನ ಉಳಿ, ಕ್ಷೌರಿಕನ ಕತ್ತರಿ. ಅದನ್ನೂ ಕಸಗೊಂಡ್ರ ಅವ ಮತ್ತ ಎದ್ದು ನಿಲ್ಲೂದು ಹೆಂಗ? ಕಾನೂನಿಗೂ ಅಷ್ಟು ಕರುಣಾ ಐತಿ.”

“ಹಂಗಾರ ಕ್ಲಾರಿಯೊನೆಟ್?”

“ಬೆಚ್ಚಗ ಉಳೀತೈತಿ. ಬರಕೋರಿ.”

ಆಕೆ ಬರೆದುಕೊಂಡಳು, ಕೆಳಗೆ ಕೆಂಪು ಗೆರೆ ಎಳೆದಳು. ಅದೊಂದು ಉಳಿದರೆ ಸಾಕಿತ್ತು. ಡೋಲು, ತಾಷೆಗಳು ಬಾರಿಸುವವರ ಸ್ವಂತದವೇ. ಇಬ್ಬರ ಹತ್ತಿರ ತಮ್ಮತಮ್ಮ ತುತ್ತೂರಿ ಇದ್ದವು. ಇಪ್ಪತ್ತು ದಿನಕ್ಕೆ ಮದುವೆ ಹಂಗಾಮು ಶುರುವಾಗುತ್ತಿತ್ತು, ಎಂಟು ಮೆರವಣಿಗೆ ಆಗಲೇ ಗೊತ್ತಾಗಿದ್ದವು. ಕ್ಲಾರಿಯೊನೆಟ್ ಇದ್ದರೆ ಐದು ಜನರ ಸಣ್ಣ ಬ್ಯಾಂಡಾದರೂ ನಿಲ್ಲುತ್ತದೆ. ಇಲ್ಲದಿದ್ದರೆ ಬರೀ ಸದ್ದು, ಹಾಡಿಲ್ಲ. ಮನೆಯಲ್ಲಿ ಒಲೆಯೂ ಹೊತ್ತುವುದಿಲ್ಲ.

ಪಟ್ಟಿ ಮಾಡುವ ದಿನ ನಾನೂ ಹೋದೆ. ನನ್ನ ಮಾತು ನಿಜವಾಗುವುದನ್ನು ನೋಡಬೇಕೆಂಬ ಚಪಲ, ಸುಳ್ಳು ಯಾಕೆ ಹೇಳಲಿ. ನಮ್ಮೂರಿನ ಪದ್ಧತಿ ಹೀಗಿದೆ: ರಿಸೀವರ್ ಸಾಹೇಬರು ಅಂಗಳದಲ್ಲಿ ಮೇಜು ಹಾಕಿ ಕೂರುತ್ತಾರೆ, ದಿವಾಳಿಯಾದವನು ಒಂದೊಂದೇ ಸಾಮಾನು ಮುಟ್ಟಿ ‘ಬೆಚ್ಚಗ’ ಅಥವಾ ‘ತಣ್ಣಗ’ ಎನ್ನುತ್ತಾನೆ. ತಣ್ಣಗಿದ್ದದ್ದು ಪಟ್ಟಿಗೆ ಸೇರಿ ಗಾಡಿ ಹತ್ತುತ್ತದೆ. ಸುಳ್ಳು ಹೇಳುವಂತಿಲ್ಲ, ಮುಂಗೈ ಮೇಲಿನ ಕೂದಲು ನಿಮಿರಿ ನಿಂತು ಹೇಳಿಬಿಡುತ್ತವೆ. ಹೆಂಡತಿಯ ಮೈಮೇಲಿನ ಬಂಗಾರ, ಸೀರೆಗಳ ಟ್ರಂಕು ಇವನ್ನು ಮೊದಲೇ ಬೇರೆ ಇಟ್ಟಿದ್ದರು. ಹೆಂಗಸಿನ ಒಡವೆ ಹೆಂಗಸಿನದು ಎಂಬುದು ಎಲ್ಲರಿಗೂ ಗೊತ್ತು. ಇನಾಮದಾರ ಸಾಹೇಬರು, ನಮ್ಮ ರಿಸೀವರ್, ಕೆಟ್ಟವರಲ್ಲ. ಕೆಮ್ಮುತ್ತ, ಕನ್ನಡಕ ಒರೆಸುತ್ತ, ಯಾರ ಮುಖವನ್ನೂ ನೋಡದೆ ಕೆಲಸ ಮುಗಿಸುವ ಪೈಕಿ.

ತುಳಜಾರಾಮ ರೊಟ್ಟಿಯ ಹಂಚು ಮುಟ್ಟಿದ, ಬೆಚ್ಚಗ. ಕೊಡ, ಬೆಚ್ಚಗ. ಅಂಗಿ, ಚಪ್ಪಲಿ, ಹಾಸಿಗೆ, ಬೆಚ್ಚಗ. ನಾನು ಕಸ್ತೂರಿಬಾಯಿಯ ಕಡೆ ನೋಡಿ, ಹೇಳಿರಲಿಲ್ಲವೆ ಎಂಬಂತೆ ತಲೆಯಾಡಿಸಿದೆ. ದೊಡ್ಡ ಕಹಳೆಗಳು, ಜರಿಪಟ್ಟಿಯ ಕೆಂಪು ಕೋಟುಗಳು, ತಲೆಯ ಮೇಲೆ ಹೊರುವ ದೀಪದ ಗೊಂಚಲುಗಳು ಎಲ್ಲ ತಣ್ಣಗಾಗಿದ್ದವು, ಗಾಡಿ ಹತ್ತಿದವು. ಕೊನೆಗೆ ಒಂದು ಹಳೆಯ ಶಾಲಿನಲ್ಲಿ ಸುತ್ತಿದ್ದ ಕ್ಲಾರಿಯೊನೆಟ್. ಅವನು ಶಾಲು ಬಿಚ್ಚಿದ. ಬಿಚ್ಚಿ ಅದನ್ನು ಮಡಚತೊಡಗಿದ. ಇನಾಮದಾರರು ಕೆಮ್ಮಿದರು. ಅವನು ಮುಟ್ಟಿದ.

“ತಣ್ಣಗ,” ಎಂದ.

ಮುಂಗೈ ಕೂದಲು ನಿಮಿರಿದ್ದು ನನಗೂ ಕಂಡಿತು. ಗುಮಾಸ್ತ ಬರೆದುಕೊಂಡ. ಅಂಗಳದಲ್ಲಿದ್ದ ನನ್ನ ವಿದ್ಯಾರ್ಥಿಗಳೆಲ್ಲ ನನ್ನ ಕಡೆಯೇ ತಿರುಗಿದರು. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಗಾಡಿ ಹೊರಟಿತು, ಕ್ಲಾರಿಯೊನೆಟ್ ಅದರೊಳಗೆ ಹೋಯಿತು, ಶಾಲು ಮಾತ್ರ ಅವನ ಕೈಯಲ್ಲಿ ಉಳಿಯಿತು. ಕಸ್ತೂರಿಬಾಯಿ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

ಮರುದಿನ ಬರಲಾರಳು ಎಂದುಕೊಂಡಿದ್ದೆ. ಬಂದಳು. ಹಾಜರಿ ಕರೆದು ಮುಗಿಸಿದ ಮೇಲೆ ನೋಟುಬುಕ್ಕು ತೆರೆದು ಎದ್ದು ನಿಂತಳು. “ಸರ, ಅವತ್ತ ಬರಕೊಂಡಿದ್ದನ್ನ ಹೊಡದು ಹಾಕ್ಲೇನ್ರಿ?”

ಸಿಟ್ಟಿನಿಂದ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಳು, ಪೆನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು. “ಹೊಡೀಬ್ಯಾಡ್ರಿ,” ಎಂದವನೇ ತಿರುಗಿ ಹಲಗೆಯ ಮೇಲೆ ಬರೆದೆ: ‘ಅ’ ಎಂಬುವನು ದಿವಾಳಿಯಾಗಿದ್ದಾನೆ. ಅವನ ಕಸುಬಿನ ಸಾಮಾನು ಕಾನೂನಿನಂತೆ ಅವನಲ್ಲೇ ಉಳಿಯಬೇಕು. ಆದರೂ ಅದು ಅವನ ಕೈಗೆ ತಣ್ಣಗಿದೆ. ಕಾರಣಗಳನ್ನು ವಿವರಿಸಿ.

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ಒಬ್ಬಳು ಅಡವಿಟ್ಟಿರಬಹುದು ಎಂದಳು. ಅಡವಿಟ್ಟರೆ ಉಗುರುಬೆಚ್ಚಗಾದರೂ ಇರುತ್ತದೆ, ಒಡೆತನ ಹೋಗುವುದಿಲ್ಲವಲ್ಲ, ಎಂದು ಮತ್ತೊಬ್ಬನೇ ಉತ್ತರ ಕೊಟ್ಟ. ಗುಟ್ಟಾಗಿ ಮಾರಿರಬಹುದು. ಮಾರಿದ್ದರೆ ಕೊಂಡವನು ಬಂದು ಕೇಳುತ್ತಿದ್ದ. ಹೀಗೇ ಅರ್ಧ ತಾಸು. ಕಡೆಗೆ ಈರಣ್ಣ, ಅದೇ ಹಿಂದಿನ ಬೆಂಚಿನ ಶನಿ, ಕುತ್ತಿಗೆ ಕೆರೆದುಕೊಳ್ಳುತ್ತ ಎದ್ದ. “ಸರ, ತಣ್ಣಗಾದದ್ದು ಯಾವಾಗರಿ?”

“ಯಾವಾಗ ಅಂದ್ರ?”

“ಅಲ್ರಿ, ಕೋರ್ಟ್ ಹೇಳಿದ ಮ್ಯಾಲ ತಣ್ಣಗಾತೋ, ಮೊದಲಿಂದ ಹಂಗ ಇತ್ತೋ? ಅವತ್ತ ತಣ್ಣಗ ಐತಿ ಅಂತ ಬರಕೊಂಡ್ರು. ಯಾವಾಗಿಂದ ಅಂತ ಯಾರೂ ಕೇಳ್ಲಿಲ್ಲಲ್ರಿ.”

ಕೇಳಿರಲಿಲ್ಲ. ರಿಸೀವರ್ ಕೇಳಿರಲಿಲ್ಲ, ನಾನು ಕೇಳಿರಲಿಲ್ಲ, ಈ ಊರಿನಲ್ಲಿ ಇಷ್ಟು ವರ್ಷ ಎಷ್ಟೋ ಪಟ್ಟಿಗಳಾದವು, ಒಬ್ಬರೂ ಕೇಳಿರಲಿಲ್ಲ. ಮೂಢರು ಅಂದರೆ ನಾವು. ಕ್ಲಾಸು ಬಿಟ್ಟವನೇ ನಾನು ಕಸ್ತೂರಿಬಾಯಿಯ ಜೊತೆ ಅವರ ಮನೆಗೆ ನಡೆದೆ.

ತುಳಜಾರಾಮ ಕಟ್ಟೆಯ ಮೇಲೆ ಶಾಲು ಹೊದ್ದು ಕೂತಿದ್ದ, ಬಿಸಿಲಿನಲ್ಲಿ. ನಾನು ಸುತ್ತಿಬಳಸಿ ಮಾತಾಡುವವನಲ್ಲ, ನೇರ ಕೇಳಿದೆ. ಅವನು ಶಾಲನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡ. “ಮದುವ್ಯಾದ ದಿನದಿಂದ್ರಿ,” ಎಂದ.

“ಏನಂದ್ರಿ?” ಎಂದಳು ಹೆಂಡತಿ.

“ಮೊದಲ ದಿನದಿಂದ ತಣ್ಣಗ ಐತಿ. ನಿಮ್ಮಪ್ಪ ಊದತಿದ್ದ ಸಾಮಾನು ಅದು. ಗಂಡುಮಕ್ಕಳಿಲ್ಲ ಅಂತ ಮದುವ್ಯಾಗ ಕೊಟ್ರು. ನಾ ತಗೊಂಡು ಬಾಯಿಗಿಟ್ಟೆ, ಮಂಜುಗಡ್ಡಿ. ಮಾವಗ ನಾ ಒಪ್ಪಿಗಿ ಆಗಿಲ್ಲ, ಕೈಯಿಂದ ಕೊಟ್ಟಾರ, ಮನಸ್ಸಿಂದ ಕೊಟ್ಟಿಲ್ಲ ಅಂದಕೊಂಡೆ. ಅವರು ತೀರಿಕೊಂಡ ಮ್ಯಾಲೂ ತಣ್ಣಗ ಉಳೀತು. ಸತ್ತ ಮ್ಯಾಲೂ ಸಿಟ್ಟು ಹೋಗಿಲ್ಲ ಅಂದಕೊಂಡೆ. ಪ್ರತಿ ಮೆರವಣಿಗಿ ಮೊದಲ ಶಾಲಿನಾಗ ಬಾಯಿ ಹಾಕಿ ಉಸರಿನಿಂದ ಕಾಸಕೊಂಡು ಊದತಿದ್ದೆ.”

“ಇಪ್ಪತ್ತೆರಡು ವರ್ಷ!” ಕಸ್ತೂರಿಬಾಯಿಯ ದನಿ ಏರಿತು. “ಇಪ್ಪತ್ತೆರಡು ವರ್ಷ ನನ್ನ ಮುಂದ ಒಂದು ಮಾತ ಆಡಲಿಲ್ಲ ನೀವು?”

“ಏನಂತ ಆಡ್ಲಿ? ಬ್ಯಾಂಡ್ ಮಾಸ್ತರನ ಕ್ಲಾರಿಯೊನೆಟ್ ಅವನದಲ್ಲ ಅಂತ ಹೇಳ್ಲೇನು?”

ಆಕೆ ಅಳಲಿಲ್ಲ, ಆದರೆ ಸಿಟ್ಟು ಮುಖದ ತುಂಬ ಇತ್ತು. ಪುಣ್ಯಕ್ಕೆ ನನ್ನ ತಲೆ ಆಗ ಓಡುತ್ತಿತ್ತು. “ಒಂದು ನಿಮಿಷ,” ಎಂದೆ. “ಕಸ್ತೂರಿಬಾಯಿ, ನಿಮ್ಮಪ್ಪ ಅದನ್ನ ಕೊಡುವಾಗ ಯಾರ ಕೈಯಾಗ ಕೊಟ್ರು? ಏನಂದ್ರು?”

“ನನ್ನ ಕೈಯಾಗ ಕೊಟ್ಟನ್ರಿ. ಶಾಲಿನಾಗ ಸುತ್ತಿತ್ತು. ‘ತಗೋ ಕಸ್ತೂರಿ, ಇದು ನಿನಗ’ ಅಂದ.” ಆಕೆ ಅಲ್ಲಿಗೇ ನಿಂತಳು. “ಅಳಿಯಗ ಕೊಡೂದನ್ನ ಮಗಳ ಕೈಲೆ ಕೊಡತಾನ ಅಂದಕೊಂಡು ನಾ ಇವರ ಕೈಯಾಗ ದಾಟಿಸಿದೆ.”

“ನೀವು ಅದನ್ನ ಒಮ್ಮಿನೂ ಮುಟ್ಟಿಲ್ಲ?”

“ಊದೋ ಸಾಮಾನು ನಮ್ಮ ಮನ್ಯಾಗ ಹೆಂಗಸರು ಮುಟ್ಟೂದಿಲ್ರಿ. ಆ ಶಾಲು ಒಗದೇನಿ, ಅಷ್ಟ.”

ದಾನದ ಪಾಠ ನಾನು ಆಕೆಗೇ ಮಾಡಿದ್ದೆ, ಕಳೆದ ತಿಂಗಳು. ಕೊಡುವವನಿಗೆ ಕೊಡುವ ಮನಸ್ಸಿರಬೇಕು, ವಸ್ತು ಕೈ ದಾಟಬೇಕು, ಪಡೆದವರು ಸ್ವೀಕರಿಸಬೇಕು. ಆಕೆ ಆ ಮೂರನ್ನೂ ತನ್ನಷ್ಟಕ್ಕೆ ತುಟಿಯಲ್ಲಿ ಎಣಿಸಿಕೊಂಡದ್ದು ನನಗೆ ಕಂಡಿತು. ತನ್ನದೆಂದೇ ತಿಳಿಯದೆ ಗಂಡನ ಕೈಗೆ ದಾಟಿಸಿದ್ದು ದಾನವಾಗುವುದಿಲ್ಲ. ಮದುವೆಯಲ್ಲಿ ಹೆಣ್ಣಿಗೆ ತವರಿನವರು ಕೊಟ್ಟದ್ದು ಆಕೆಯದೇ, ಗಂಡನ ಸಾಲಕ್ಕೆ ಅದನ್ನು ಮುಟ್ಟುವಂತಿಲ್ಲ ಎಂಬುದೂ ಅದೇ ಪುಟದಲ್ಲಿತ್ತು. ಬಂಗಾರ, ಸೀರೆ ಎಂದರೆ ಎಲ್ಲರಿಗೂ ಅರ್ಥವಾಗುತ್ತಿತ್ತು. ಕ್ಲಾರಿಯೊನೆಟ್ ಎಂದರೆ ಯಾರಿಗೂ ಹೊಳೆದಿರಲಿಲ್ಲ, ತುಳಜಾರಾಮನಿಗಂತೂ ಹೊಳೆದೇ ಇರಲಿಲ್ಲ. ಅವನು ಈಗ ನನ್ನ ಮುಖ ನೋಡುತ್ತ ಕೇಳಿದ್ದು ಕಾನೂನಿನ ಮಾತಲ್ಲ. “ಹಂಗಾರ ಮಾವಗ ನನ್ನ ಮ್ಯಾಲ ಸಿಟ್ಟಿರಲಿಲ್ಲೇನ್ರಿ?” ಎಂದು ಕೇಳಿದ.

“ಇರಲಿಲ್ಲಪಾ,” ಎಂದೆ.

ಪಟ್ಟಿಯ ಮೇಲೆ ತಕರಾರು ಅರ್ಜಿ ಹಾಕಲು ಹದಿನೈದು ದಿನ ಇರುತ್ತದೆ. ಈ ಊರಿನಲ್ಲಿ ಆ ಅರ್ಜಿ ಯಾರೂ ಹಾಕಿದವರಿಲ್ಲ, ನಮೂನೆಯ ಕಾಗದವೇ ಕಚೇರಿಯಲ್ಲಿ ಇರಲಿಲ್ಲ. ಕಸ್ತೂರಿಬಾಯಿಯೇ ಬಿಳಿ ಹಾಳೆಯ ಮೇಲೆ ಬರೆದಳು, ನಾನು ಒಂದು ಅಕ್ಷರ ಹೇಳಿಕೊಡಲಿಲ್ಲ. ಎಲ್ಲಿ ‘ನಮ್ಮ ಮನೆಯ ಕ್ಲಾರಿಯೊನೆಟ್’ ಎಂದು ಬರೆದಿದ್ದಳೋ ಅಲ್ಲಿ ತಾನೇ ಹೊಡೆದುಹಾಕಿ ‘ನನ್ನ’ ಎಂದು ತಿದ್ದಿದಳು. ಸಹಿ ಹಾಕುವ ಮೊದಲು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದಳು.

ಮಂಗಳವಾರ ಹನ್ನೊಂದು ಗಂಟೆಗೆ ಕರೆದರು. ಕೋರ್ಟಿನ ಹಿಂದೆ ಜಪ್ತಿ ಸಾಮಾನಿನ ಗೋದಾಮಿದೆ. ಅಲ್ಲಿರುವ ಯಾವುದೂ ಅಲ್ಲಿರುವ ಯಾರದೂ ಅಲ್ಲ, ಕಾಲಿಟ್ಟರೆ ಹಲ್ಲು ಕಟಕಟ ಎನ್ನುತ್ತವೆ. ಗುಮಾಸ್ತ ಕಿವಿಗೆ ಮಫ್ಲರ್ ಕಟ್ಟಿಕೊಂಡೇ ಕೆಲಸ ಮಾಡುತ್ತಾನೆ. ನಮ್ಮ ಕ್ಲಾಸು ಪೂರ್ತಿ ಬಂದಿತ್ತು. ಹಾಜರಿ ಕೊಡುತ್ತೇನೆ ಎಂದು ನಾನು ಹೇಳಿರಲಿಲ್ಲ, ಆದರೂ ಬಂದಿದ್ದರು. ಇನಾಮದಾರರು ಅರ್ಜಿ ಓದಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಕಪಾಟಿನಿಂದ ಕ್ಲಾರಿಯೊನೆಟ್ ತರಿಸಿ ಮೇಜಿನ ಮೇಲೆ ಇಡಿಸಿದರು. “ಕೈ ಇಡ್ರಿ ತಾಯಿ,” ಎಂದರು.

ಆಕೆ ಸೆರಗಿಗೆ ಕೈ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. ನನಗೆ ಗೊತ್ತು, ಮುಟ್ಟುವವರೆಗೆ ಒಂದು ಆಸೆ ಇರುತ್ತದೆ. ಮುಟ್ಟಿ ತಣ್ಣಗಿದ್ದರೆ ಎಂಟು ಮದುವೆಯೂ ಇಲ್ಲ, ಐದು ಜನರ ಬ್ಯಾಂಡೂ ಇಲ್ಲ, ನನ್ನ ಪುಸ್ತಕವನ್ನೂ ಆಕೆ ಮತ್ತೆ ತೆರೆಯುವುದಿಲ್ಲ. “ಅಕ್ಕಾರ, ಇಡ್ರಿ,” ಎಂದು ಹಿಂದಿನಿಂದ ಈರಣ್ಣ ಪಿಸುಗುಟ್ಟಿದ. ಆಕೆ ಎರಡೂ ಅಂಗೈ ಚಾಚಿ ಅದರ ಮೇಲೆ ಇಟ್ಟಳು.

“ಅಯ್ಯ ನಮ್ಮಪ್ಪಾ!” ಎಂದಳು. “ಬಿಸಿ ಐತ್ರಿ! ಈಗಷ್ಟ ಹಂಚಿನ ಮ್ಯಾಲಿಂದ ತಗದ ರೊಟ್ಟಿಯಂಗ ಐತಿ!”

ಇನಾಮದಾರರು ಬಗ್ಗಿ ಆಕೆಯ ಮುಂಗೈ ನೋಡಿದರು. ಒಂದು ಕೂದಲೂ ನಿಮಿರಿರಲಿಲ್ಲ. ಅವರು ಪಟ್ಟಿ ತೆಗೆದು ಕೊನೆಯ ಸಾಲಿಗೆ ಅಡ್ಡಗೆರೆ ಎಳೆದು ಸಹಿ ಹಾಕಿದರು. ನಾನು ಹುಡುಗರ ಮುಂದೆ ಅಳಬಾರದೆಂದು ಸ್ವೆಟರಿನ ತೋಳಿನಿಂದ ಮೂಗು ಒರೆಸಿಕೊಂಡೆ. ಅಷ್ಟರಲ್ಲಿ ಕಸ್ತೂರಿಬಾಯಿ ಸಂಭ್ರಮದಲ್ಲಿ ಗಂಡನ ಕಡೆ ತಿರುಗಿ ಎರಡೂ ಕೈಯಲ್ಲಿ ಕ್ಲಾರಿಯೊನೆಟ್ ಚಾಚಿದಳು. “ತಗೋರಿ, ಇನ್ನ ಮ್ಯಾಲ ಇದು ನಿಮ್ಮ…”

“ಬಾಯಿ ಮುಚ್ರಿ!” ಎಂದು ನಾನು ಚೀರಿದೆ. ಸರ್ಕಾರಿ ಕಚೇರಿಯಲ್ಲಿ ಅಷ್ಟು ಜೋರಾಗಿ ನಾನೆಂದೂ ಚೀರಿದವನಲ್ಲ. ಆಕೆ ಬೆಚ್ಚಿ ನಿಂತಳು. “ಇವರು ಇನ್ನೂ ದಿವಾಳಿಯಿಂದ ಬಿಡುಗಡಿ ಆಗಿಲ್ಲ. ಇವತ್ತಿನಿಂದ ಬಿಡುಗಡಿ ಆಗೂತನಕ ಇವರದು ಅಂತ ಏನು ಬಂದ್ರೂ ಅದು ನೇರ ರಿಸೀವರ್ ಸಾಹೇಬರಿಗೆ ಹೋಗತೈತಿ. ನೀವು ‘ನಿಮ್ಮದು’ ಅಂದು ಮುಗಿಸಿದ್ರೋ, ಅದು ವಾಪಸ್ ಆ ಕಪಾಟಿಗೆ!”

ಇನಾಮದಾರರು ಕೆಮ್ಮಿದರು. “ನಾ ಏನೂ ಕೇಳಿಸಿಕೊಂಡಿಲ್ಲ,” ಎಂದರು, ಕಿಟಕಿಯ ಕಡೆ ನೋಡುತ್ತ. “ಇನ್ನೊಂದು ಶಬ್ದ ಬಂದಿದ್ರ ಕೇಳಿಸಿಕೊಳ್ಳಬೇಕಾಗತಿತ್ತು.”

ಕಸ್ತೂರಿಬಾಯಿ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಕ್ಲಾರಿಯೊನೆಟ್ಟನ್ನು ಎದೆಗವಚಿಕೊಂಡು ನಿಂತಳು. ಕೈಗೆ ಬಂದದ್ದನ್ನೆಲ್ಲ ಆ ಹೊತ್ತಿಗೇ ಇನ್ನೊಬ್ಬರಿಗೆ ದಾಟಿಸಿ ಅಭ್ಯಾಸವಿದ್ದ ಹೆಂಗಸು, ಇಟ್ಟುಕೊಳ್ಳುವುದು ಹೇಗೆಂದು ತಿಳಿಯದೆ ಒಂದು ಕ್ಷಣ ನನ್ನನ್ನು ನೋಡಿದಳು, ಒಂದು ಕ್ಷಣ ಗಂಡನನ್ನು. ಅವನು ಮೂರು ಹೆಜ್ಜೆ ದೂರದಲ್ಲಿ ಕೈ ಹಿಂದೆ ಕಟ್ಟಿಕೊಂಡಿದ್ದ. ಬ್ಯಾಂಡಿನ ಮುಂದೆ ಎದೆ ಸೆಟೆಸಿ ನಡೆಯುವ ಮನುಷ್ಯ, ಅವತ್ತು ಶಾಲೆಯಲ್ಲಿ ಪ್ರಶ್ನೆ ಕೇಳುವವನ ಹಾಗೆ ನಿಂತಿದ್ದ.

“ಕಸ್ತೂರಿ,” ಎಂದ. “ಈ ಹಂಗಾಮಿಗೆ ಇದನ್ನ ನಾ ಊದಲೇನು?”

ಇಪ್ಪತ್ತೆರಡು ವರ್ಷದಲ್ಲಿ ಅವನು ಆಕೆಯನ್ನು ಯಾವುದಕ್ಕಾದರೂ ಕೇಳಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಆಕೆಯ ಮುಖ ನೋಡಿದರೆ ಕೇಳಿರಲಿಕ್ಕಿಲ್ಲ ಅನ್ನಿಸಿತು. ಆಕೆ ಗಡಿಬಿಡಿ ಮಾಡಲಿಲ್ಲ. ಯೋಚಿಸಿದಳು. ಗೋದಾಮಿನ ಚಳಿಯಲ್ಲಿ ನಾವೆಲ್ಲ ನಡುಗುತ್ತ ಕಾದೆವು.

“ಊದ್ರಿ,” ಎಂದಳು. “ನಂದು ನನಗ ಇರತೈತಿ, ನೀವು ಊದ್ರಿ. ಮೆರವಣಿಗಿ ಮುಗದ ಮ್ಯಾಲ ತಂದು ನನ್ನ ಕೈಯಾಗ ಕೊಡಬೇಕು. ಇನ್ನ ಮ್ಯಾಲ ಅದನ್ನ ನಾ ಇಟ್ಟಕೊಳ್ಳಾಕಿ.”

“ಆತು,” ಎಂದ.

ಆಕೆ ಕೊಟ್ಟಳು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಆಗ ನನ್ನ ಜೀವ ಬಾಯಿಗೆ ಬಂದಿತ್ತು, ಸುಳ್ಳಲ್ಲ. ಬಾಯಲ್ಲಿ ಏನೇ ಅಂದರೂ ಆಕೆ ಮನಸ್ಸಿನಲ್ಲಿ ಪೂರ್ತಿ ಕೊಟ್ಟುಬಿಟ್ಟಿದ್ದರೆ ಮುಗಿಯಿತು, ಅದು ಅವನ ಕೈಯಲ್ಲಿ ಬೆಚ್ಚಗಾಗಿಬಿಡುತ್ತದೆ. ಇನಾಮದಾರರೂ ಕನ್ನಡಕ ಏರಿಸಿಕೊಂಡು ಮುಂದಕ್ಕೆ ಬಗ್ಗಿದ್ದರು. ತುಳಜಾರಾಮ ಕ್ಲಾರಿಯೊನೆಟ್ಟನ್ನು ತುಟಿಗೆ ಮುಟ್ಟಿಸಿದ, ಕಣ್ಣು ಮುಚ್ಚಿದ. ಮುಂಗೈಯಿಂದ ಮೊಣಕೈವರೆಗೆ ಕೂದಲೆಲ್ಲ ನಿಮಿರಿ ನಿಂತವು.

“ತಣ್ಣಗ ಐತಿ!” ಎಂದು ಅವನು ಕೂಗಿದ, ನಗುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು. “ಕಸ್ತೂರಿ, ಮಂಜುಗಡ್ಡಿಯಾಗೇತಿ!”

ಗೋದಾಮಿನಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ಮಫ್ಲರಿನ ಗುಮಾಸ್ತನೂ ಹೊಡೆದ.